ವೇಗವಿಲ್ಲದವನ ಬಲ

ಮುಂಗಾರಿನ ಭತ್ತವು ಕೊಯ್ಲಾಗಿ, ಹುಲ್ಲು ಬಣವೆಯನ್ನೇರಿ, ಬೇಸಗೆಯ ಬೆಳೆಗೆ ಭದ್ರಾ ನಾಲೆಯ ನೀರು ಬರುವುದೋ ಬಾರದೋ ಎಂಬ ಚಿಂತೆಯು ಹಿರಿಯರ ನಿದ್ರೆಯನ್ನು ಕೆಡಿಸುತ್ತಿರುವ ಆ ಕೆಲವು ವಾರಗಳ ಕಾಲ, ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಊರುಗಳಲ್ಲಿ ಕಿರಿಯರ ಮನಸ್ಸನ್ನು ಬೇರೊಂದು ಚಿಂತೆಯು ಆಕ್ರಮಿಸಿಕೊಂಡಿರುತ್ತದೆ. ಗದ್ದೆಯ ಕೂಳೆಯನ್ನು ಕೆತ್ತಿ, ನೆಲವನ್ನು ಬಡಿದು ಸಮಮಾಡಿ, ಮೂರು ಕೋಲುಗಳನ್ನು ನೆಟ್ಟು ಆಡುವ ಟೆನ್ನಿಸ್ ಚೆಂಡಿನ ಕ್ರಿಕೆಟ್ಟು ಸಂಜೆಯವರೆಗಿನ ಕೆಲಸ. ಕತ್ತಲಾದ ಮೇಲಿನ ಕೆಲಸವೆಂದರೆ, ಹರಿಹರಕ್ಕೂ ದಾವಣಗೆರೆಗೂ ಬಸ್ಸಿನಲ್ಲಿ ಓದಲು ಹೋಗಿಬರುವ ಹುಡುಗರು ತಮ್ಮ ಕಾಲೇಜಿನ ತಂಡವು ಈ ಸಲದ ಅಂತರ ಕಾಲೇಜು ಪಂದ್ಯಗಳಲ್ಲಿ ಎಷ್ಟು ದೂರ ಹೋದೀತು ಎಂಬ ಪ್ರಶ್ನೆಯನ್ನು ಹೊತ್ತುತಂದು, ಅದನ್ನು ಊರ ಕಟ್ಟೆಯ ಮೇಲೆ ಹರವಿ, ತಂಡದ ಬಲಾಬಲಗಳನ್ನು ಒಂದೊಂದಾಗಿ ಎತ್ತಿ ತೂಗುವುದು.

ಈ ವಿಚಾರಸಭೆಗೆ ಸದಸ್ಯತ್ವದ ನಿರ್ಬಂಧವೇನೂ ಇಲ್ಲ. ಆ ಕಾಲೇಜಿನ ಹೊಸ್ತಿಲನ್ನು ತುಳಿಯದವರೂ, ತುಳಿದು ಪದವಿಯಿಲ್ಲದೆ ಹಿಂದಿರುಗಿದವರೂ, ಒಂದು ಕಾಲದಲ್ಲಿ ಅದೇ ತಂಡಕ್ಕೆ ಆಡಿ ಈಗ ಗೊಬ್ಬರದ ಅಂಗಡಿಯನ್ನೋ ಟ್ರ್ಯಾಕ್ಟರನ್ನೋ ನೋಡಿಕೊಂಡಿರುವವರೂ ಸಮಾನವಾದ ಅಧಿಕಾರದಿಂದ ಮಾತನಾಡುತ್ತಾರೆ. ಕಾಗದದ ಮೇಲೆ ಸುರಿದ ಮಂಡಕ್ಕಿ ಮುಗಿಯುವ ಮೊದಲು ಆರಂಭದ ಬ್ಯಾಟುಗಾರರಿಬ್ಬರ ಯೋಗ್ಯತೆಯು ತೀರ್ಮಾನವಾಗಿರುತ್ತದೆ; ಕೊನೆಯ ಮೆಣಸಿನಕಾಯಿಯು ಯಾರ ಪಾಲಿಗೆ ಎಂಬುದು ಇತ್ಯರ್ಥವಾಗುವ ವೇಳೆಗೆ ಮಧ್ಯಮ ಕ್ರಮಾಂಕವೆಂಬುದು ಹೆಸರಿಗೆ ಮಾತ್ರ ಇದೆಯೆಂದೂ, ವಿಕೆಟ್ ಕೀಪರನು ಒಳ್ಳೆಯವನಾದರೂ ಅವನಿಂದ ಹತ್ತು ರನ್ನು ಬಂದರೆ ಹೆಚ್ಚೆಂದೂ ನಿರ್ಣಯಗಳು ಹೊರಟಿರುತ್ತವೆ. ಇಷ್ಟರವರೆಗೆ ಸಭೆಯು ಸುಗಮವಾಗಿಯೇ ನಡೆಯುತ್ತದೆ. ಹೊಸ ಚೆಂಡನ್ನು ಯಾರ ಕೈಗೆ ಕೊಡಬೇಕು ಎಂಬಲ್ಲಿಗೆ ಬಂದೊಡನೆ ಸ್ವರವು ಏರತೊಡಗುತ್ತದೆ. ತಂಡದಲ್ಲಿ ಇಬ್ಬರಿದ್ದಾರೆ: ಒಬ್ಬನು ದೂರದಿಂದ ಓಡಿಬಂದು ಬಿರುಸಾಗಿ ಎಸೆಯುವವನು, ಆದರೆ ಅವನ ಚೆಂಡು ಎಲ್ಲಿ ಬಿದ್ದೀತೆಂಬುದು ಅವನಿಗೂ ತಿಳಿಯದು, ಇನ್ನೊಬ್ಬನು ಮಂದಗತಿಯವನು, ಆದರೆ ಆರು ಚೆಂಡುಗಳಲ್ಲಿ ಐದನ್ನು ಒಂದೇ ಜಾಗದಲ್ಲಿ ಕೆಡವಬಲ್ಲವನು.

“ಅವನ ಬಾಲಿನಾಗ ಸ್ಪೀಡ್ ಎಲ್ಲೈತ್ರಿ ಕಾಕಾ? ಅವನ ಕೈಯಾಗ ಹೊಸ ಬಾಲ್ ಕೊಟ್ರ ಮ್ಯಾಚ್ ಹೋತು ಅಂತ ತಿಳ್ಕೊಳ್ರಿ,” ಎಂದು ಹುಡುಗನೊಬ್ಬನು ತೀರ್ಪು ಕೊಡುತ್ತಾನೆ.

“ಲೇ ತಮ್ಮಾ, ಸ್ಪೀಡ್ ನೋಡ್ಬೇಕಂದ್ರ ರೈಲ್ವೆ ಗೇಟಿಗೆ ಹೋಗಿ ನಿಂದ್ರು. ಇಲ್ಲಿ ಬಾಲು ಎಲ್ಲಿ ಬೀಳ್ತೈತಿ ಅನ್ನೋದನ್ನ ನೋಡಾಕ ಕಲಿ,” ಎಂದು ಹಿರಿಯನು ಹೇಳುತ್ತಾನೆ.

“ಹಂಗಾರ ನಮ್ಮ ದಾವಣಗೆರೆ ಎಕ್ಸ್‌ಪ್ರೆಸ್ಸು ಪರ್ತ್ ಸ್ಟೇಷನ್ನಾಗ ಯಾಕ ಕೆಟ್ಟು ನಿಂತಿತು, ಅದನ್ನ ಹೇಳ್ರಿ ನೋಡಾಣ!”

ಈ ಸೀಮೆಯಲ್ಲಿ ಬೌಲಿಂಗಿನ ಬಗ್ಗೆ ಆರಂಭವಾದ ಯಾವ ವಾದವೂ ಆರ್. ವಿನಯ್ ಕುಮಾರರ ಹೆಸರನ್ನು ಮುಟ್ಟದೆ ಮುಗಿಯುವುದಿಲ್ಲ. ಮುಗಿಯಬೇಕಾದ ಕಾರಣವೂ ಇಲ್ಲ. 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿ, ಕರ್ನಾಟಕ ತಂಡದ ನಾಯಕರಾಗಿ, ಪ್ರಥಮ ದರ್ಜೆಯ 139 ಪಂದ್ಯಗಳಲ್ಲಿ 504 ವಿಕೆಟ್ಟುಗಳನ್ನು ಪಡೆದು 2021ರಲ್ಲಿ ನಿವೃತ್ತರಾದ ಈ ಬೌಲರನಿಗೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಬಿರುದು ಅಂಟಿಕೊಂಡಿತ್ತಷ್ಟೆ. ತವರಿನವರು ಅದನ್ನು ಅಭಿಮಾನದಿಂದ ಹೇಳಿದರೆ, ಹೊರಗಿನವರಲ್ಲಿ ಎಷ್ಟೋ ಜನ ಅದನ್ನು ವ್ಯಂಗ್ಯವಾಗಿ ಹೇಳುತ್ತಿದ್ದರು. ಏಕೆಂದರೆ ಆ ಎಕ್ಸ್‌ಪ್ರೆಸ್ಸಿನ ವೇಗವು ಸಾಮಾನ್ಯವಾಗಿ ಗಂಟೆಗೆ 125ರಿಂದ 130 ಕಿಲೋಮೀಟರಿನ ಆಸುಪಾಸಿನಲ್ಲಿಯೇ ಇದ್ದಿತು. ಒಂದೇ ಬಿರುದು ಇಬ್ಬರ ಬಾಯಲ್ಲಿ ಎರಡು ಅರ್ಥವನ್ನು ತಾಳಿದ ಈ ಪ್ರಸಂಗದಲ್ಲಿ ಯಾರು ಸರಿ, ಯಾರು ತಪ್ಪು ಎಂದು ಕೇಳುವುದಕ್ಕಿಂತ, ಇಬ್ಬರೂ ಯಾವ ನೆಲದ ಮೇಲೆ ನಿಂತು ಮಾತನಾಡುತ್ತಿದ್ದರೆಂದು ಕೇಳುವುದು ಮೇಲು.

ಪರ್ತ್‌ನಿಂದಲೇ ಆರಂಭಿಸೋಣ. 2012ರ ಜನವರಿಯಲ್ಲಿ ಆಸ್ಟ್ರೇಲಿಯಾದ ಆ ನಗರದಲ್ಲಿ ವಿನಯ್ ತಮ್ಮ ಏಕೈಕ ಟೆಸ್ಟ್ ಪಂದ್ಯವನ್ನಾಡಿದರು. 13 ಓವರು, 73 ರನ್ನು, ಒಂದು ವಿಕೆಟ್. ಆಸ್ಟ್ರೇಲಿಯದ ಡೇವಿಡ್ ವಾರ್ನರ್ ಆ ಇನ್ನಿಂಗ್ಸಿನಲ್ಲಿ 180 ರನ್ನುಗಳನ್ನು ಸೂರೆ ಮಾಡಿದರು. ಭಾರತವು ಇನ್ನಿಂಗ್ಸ್ ಮತ್ತು 37 ರನ್ನುಗಳಿಂದ ಸೋತಿತು. ಇದಾದ ಸುಮಾರು ಎರಡು ವರ್ಷಕ್ಕೆ, 2013ರ ನವೆಂಬರ್ 2ರಂದು, ತಮ್ಮದೇ ರಾಜ್ಯದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಅದೇ ಆಸ್ಟ್ರೇಲಿಯದ ಎದುರು, ಒಂದು ದಿನದ ಪಂದ್ಯದಲ್ಲಿ 9 ಓವರುಗಳಿಗೆ 102 ರನ್ನುಗಳನ್ನು ತೆತ್ತರು. ಆ ದಿನ ರೋಹಿತ್ ಶರ್ಮ 209 ಹೊಡೆದಿದ್ದರಿಂದ ಭಾರತವು 383 ಮುಟ್ಟಿತ್ತು. ಪಂದ್ಯವನ್ನು 57 ರನ್ನುಗಳಿಂದ ಗೆದ್ದಿತು ಕೂಡ. ಆದರೂ ಅದೇ ವಿನಯರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಗೆದ್ದ ಪಂದ್ಯದಲ್ಲಿ ಬೌಲರನೊಬ್ಬನ ಬಾಳು ಮುಗಿಯಿತೆಂಬುದನ್ನು ಕಟ್ಟೆಯ ಹುಡುಗರು ಇಂದಿಗೂ ನೆನೆದು ಹಲುಬುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಹುಡುಗನ ವಾದವೇ ಗೆದ್ದಂತೆ. ಆದರೆ ದಿನದರ್ಶಿಕೆಯನ್ನು ಸರಿಯಾಗಿ ಮೂರು ತಿಂಗಳು ಮುಂದಕ್ಕೆ ತಿರುವಿದರೆ, 2014ರ ಫೆಬ್ರವರಿ 2ರಂದು, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್ಟುಗಳಿಂದ ಸೋಲಿಸಿ, ಹದಿನೈದು ವರ್ಷಗಳ ತರುವಾಯ ರಣಜಿ ಟ್ರೋಫಿಯನ್ನು ಕರ್ನಾಟಕಕ್ಕೆ ಎತ್ತಿಕೊಟ್ಟ ನಾಯಕನು ಇದೇ ಮನುಷ್ಯನು. ಮರುವರ್ಷ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ವಿರುದ್ಧ ಅಂತಿಮ ಪಂದ್ಯ: ವಿನಯ್ 34 ರನ್ನಿಗೆ 5 ವಿಕೆಟ್ಟುಗಳನ್ನು ಕಿತ್ತು ಎದುರಾಳಿಯನ್ನು 134ಕ್ಕೆ ಉರುಳಿಸಿದರು, ಬಳಿಕ ಬ್ಯಾಟು ಹಿಡಿದು 105 ರನ್ನು ಹೊಡೆದು ಔಟಾಗದೆ ಉಳಿದರು, ಕರ್ನಾಟಕವು ಇನ್ನಿಂಗ್ಸ್ ಮತ್ತು 217 ರನ್ನುಗಳಿಂದ ಗೆದ್ದಿತು. ಆ ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಈ ಮೂರೂ ಪ್ರಶಸ್ತಿಗಳು ಒಂದೇ ಮನೆಗೆ ಬಂದುವು. ಮೂರು ತಿಂಗಳಲ್ಲಿ ವಿನಯರ ತೋಳು ಬದಲಾಯಿತೇ? ಅವರ ಚೆಂಡಿಗೆ ಹತ್ತು ಕಿಲೋಮೀಟರು ವೇಗ ಕೂಡಿಕೊಂಡಿತೇ? ಏನೂ ಇಲ್ಲ. ಬದಲಾದುದು ಚೆಂಡು, ನೆಲ, ಗಡಿಯ ಗೆರೆ, ಆಟದ ಕಟ್ಟಳೆ, ಎದುರಿಗೆ ನಿಂತವನ ಉದ್ದೇಶ.

ವೇಗದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಬೌಲರನು ಚೆಂಡನ್ನು ಬಿಡುವ ಗೆರೆಗೂ ಬ್ಯಾಟುಗಾರನು ನಿಲ್ಲುವ ಗೆರೆಗೂ ನಡುವಣ ಅಂತರವು 58 ಅಡಿ, ಅಂದರೆ ಹೆಚ್ಚುಕಡಮೆ 17.7 ಮೀಟರು. ಗಾಳಿಯ ತಡೆಯನ್ನೂ ನೆಲದ ಘರ್ಷಣೆಯನ್ನೂ ಬದಿಗಿಟ್ಟರೆ, ಗಂಟೆಗೆ 140 ಕಿಲೋಮೀಟರು ವೇಗದ ಚೆಂಡು ಈ ದೂರವನ್ನು 0.45 ಸೆಕೆಂಡಿನಲ್ಲಿಯೂ, 125 ಕಿಲೋಮೀಟರು ವೇಗದ್ದು 0.51 ಸೆಕೆಂಡಿನಲ್ಲಿಯೂ ಕ್ರಮಿಸುತ್ತದೆ. ವ್ಯತ್ಯಾಸವು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಕಣ್ಣುಮಿಟುಕಿಸುವುದಕ್ಕೂ ಸಾಲದ ಈ ಅವಧಿಯು ಸಾಮಾನ್ಯನಿಗೆ ಶೂನ್ಯವೇ ಆದರೂ, ವಾರ್ನರನಂತಹವನಿಗೆ ಅದು ಒಂದು ಹೆಜ್ಜೆಯನ್ನು ಮುಂದಿಡಬೇಕೋ ಹಿಂದಿಡಬೇಕೋ ಎಂದು ನಿರ್ಧರಿಸಲು ಸಾಕಾದ ವ್ಯವಧಾನ. ಪರ್ತ್‌ನ ಗಟ್ಟಿ ನೆಲದ ಮೇಲೆ ಚೆಂಡು ನಂಬಿಕೆಗೆ ತಪ್ಪದಂತೆ ಪುಟಿದು ಬರುತ್ತದೆ. ಪುಟಿತದ ಜೊತೆಗೆ ಅತಿವೇಗವೂ ಇದ್ದರೆ ಬ್ಯಾಟುಗಾರನು ಹಿಂಜರಿಯುತ್ತಾನೆ, ಇಲ್ಲವಾದರೆ ಅದೇ ಪುಟಿತವು ಚೆಂಡನ್ನು ಅವನ ಸೊಂಟದ ಮಟ್ಟಕ್ಕೆ ಎತ್ತಿ, ಹೊಡೆಯಲು ಅನುವಾಗುವಂತೆ ಕೈಗಿತ್ತಂತಾಗುತ್ತದೆ.

ಇನ್ನು ಚಿನ್ನಸ್ವಾಮಿಯ 102 ರನ್ನುಗಳ ಕಥೆಯೇ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದು, ತೆಳುವಾದ ಗಾಳಿಯಲ್ಲಿ ಮೇಲೆದ್ದ ಚೆಂಡು ಇನ್ನಷ್ಟು ದೂರ ಸಾಗುತ್ತದೆ. ಆ ಮೈದಾನದ ಗಡಿಯೋ ಹತ್ತಿರದ್ದು. ಇದರ ಮೇಲೆ, ಒಂದು ದಿನದ ಪಂದ್ಯಗಳಲ್ಲಿ ಎರಡು ಕೊನೆಗಳಿಂದ ಎರಡು ಹೊಸ ಬಿಳಿಯ ಚೆಂಡುಗಳನ್ನು ಬಳಸುವ ನಿಯಮವು 2011ರಲ್ಲಿಯೂ, ಮೂವತ್ತು ಗಜದ ವೃತ್ತದ ಹೊರಗೆ ನಾಲ್ವರಿಗಿಂತ ಹೆಚ್ಚು ಕ್ಷೇತ್ರರಕ್ಷಕರು ನಿಲ್ಲಬಾರದೆಂಬ ನಿಯಮವು 2012ರಲ್ಲಿಯೂ ಬಂದಿದ್ದುವು. ಚೆಂಡು ಬೇಗ ಹಳತಾಗುತ್ತಿರಲಿಲ್ಲ, ಆದಕಾರಣ ಹೊಡೆತಕ್ಕೆ ಗಟ್ಟಿಯಾಗಿಯೇ ಇರುತ್ತಿತ್ತು; ಗಡಿಯಲ್ಲಿ ಕಾಯುವವರು ಒಬ್ಬರು ಕಡಮೆಯಾಗಿದ್ದರು. 116 ರನ್ನು ಹೊಡೆದ ಆಸ್ಟ್ರೇಲಿಯದ ಫಾಕ್ನರನಿಗೂ ಅವನ ಸಂಗಡಿಗರಿಗೂ ವಿಕೆಟ್ಟನ್ನು ಕಾಪಾಡಿಕೊಳ್ಳುವ ಯೋಚನೆಯೇ ಇರಲಿಲ್ಲ, ಏಕೆಂದರೆ ಗುರಿಯು 384. ಈ ಎಲ್ಲ ಕಟ್ಟುಪಾಡುಗಳ ನಡುವೆ, ಒಂದೇ ಜಾಗದಲ್ಲಿ ಚೆಂಡನ್ನು ಹಾಕಬಲ್ಲ ಶಕ್ತಿಯು, ಅದೆಷ್ಟು ಅಭ್ಯಾಸದಿಂದ ಸಿದ್ಧಿಸಿದ್ದಾದರೂ, ಎದುರಾಳಿಗೆ ಮುನ್ಸೂಚನೆಯಾಗಿ ಪರಿಣಮಿಸಿತು. ಎಲ್ಲಿ ಬೀಳುತ್ತದೆಂದು ತಿಳಿದ ಮೇಲೆ ಎಲ್ಲಿಗೆ ಹೊಡೆಯಬೇಕೆಂಬುದಷ್ಟೇ ಉಳಿಯಿತು.

ರಣಜಿಯ ಕೆಂಪು ಚೆಂಡಿನಲ್ಲಿ ಇದು ತಿರುವುಮುರುವಾಗುತ್ತದೆ. ಆ ಚೆಂಡಿನ ಹೊಲಿಗೆಯು ಎದ್ದು ನಿಂತಿರುತ್ತದೆ. ಮಣಿಕಟ್ಟನ್ನು ಚೆಂಡಿನ ನೇರ ಹಿಂದೆ ಇರಿಸಿ ಬಿಡಬಲ್ಲವನಿಗೆ ಹೊಲಿಗೆಯು ಅಲುಗದೆ ಸಾಗಿ, ನೆಲಕ್ಕೆ ತಾಗಿದಾಗ ಒಳಕ್ಕೋ ಹೊರಕ್ಕೋ ಅಂಗುಲದಷ್ಟು ಸರಿಯುತ್ತದೆ. ಗಾಳಿಯಲ್ಲಿ ಬಾಗುವ ವಿಷಯದಲ್ಲಿಯೂ ವೇಗವು ಸದಾ ಮಿತ್ರನಲ್ಲ. ನಾಸಾ ಸಂಸ್ಥೆಯಲ್ಲಿ ಗಾಳಿಚಲನೆಯ ಶಾಸ್ತ್ರವನ್ನು ಅಭ್ಯಸಿಸಿದ ರಬೀಂದ್ರ ಮೆಹ್ತಾ ಅವರು ಕ್ರಿಕೆಟ್ ಚೆಂಡನ್ನು ಪ್ರಯೋಗಾಲಯದಲ್ಲಿಟ್ಟು ಪರೀಕ್ಷಿಸಿ, ಹೊಸ ಚೆಂಡಿನ ಸಹಜವಾದ ಬಾಗು ಮಧ್ಯಮ ವೇಗದಲ್ಲಿ ಅತ್ಯಧಿಕವಾಗಿದ್ದು, ವೇಗವು ಮಿತಿಮೀರಿದಂತೆ ಕುಗ್ಗುತ್ತದೆಂದು ತೋರಿಸಿದ್ದಾರೆ. ಚಳಿಗಾಲದ ಬೆಳಗ್ಗೆ, ನೆಲದಲ್ಲಿ ಇನ್ನೂ ತೇವವಿರುವಾಗ, ನಾಲ್ಕು ದಿನ ಆಡಬೇಕೆಂದು ಮನಸ್ಸು ಮಾಡಿ ಬಂದ ಬ್ಯಾಟುಗಾರನ ಎದುರು, ಆಫ್ ಸ್ಟಂಪಿನ ಹೊರಗಿನ ಒಂದು ಅಂಗೈಯಗಲದ ಜಾಗದಲ್ಲಿ ಮೇಲಿಂದ ಮೇಲೆ ಬೀಳುವ ಚೆಂಡು, ಹೊಡೆಯಲು ಅವಕಾಶವನ್ನೂ ಕೊಡದೆ, ಬಿಟ್ಟುಬಿಡುವ ಧೈರ್ಯವನ್ನೂ ಉಳಿಸದೆ, ಕೊನೆಗೆ ಬ್ಯಾಟಿನ ಅಂಚನ್ನು ಕೇಳಿ ಪಡೆಯುತ್ತದೆ. ಬೆಂಗಳೂರಿನ ರಾತ್ರಿಯಲ್ಲಿ ಮುನ್ಸೂಚನೆಯಾಗಿದ್ದುದೇ ಇಲ್ಲಿ ಬಂಧನವಾಯಿತು.

ನಮ್ಮ ಅಭಿಮಾನಿಗಳ ವಾದಗಳಲ್ಲಿ ನನಗೆ ಕಂಡುಬರುವ ಮುಖ್ಯವಾದ ಕೊರತೆಯು ಇದೇ. ಬಲವನ್ನೂ ದೌರ್ಬಲ್ಯವನ್ನೂ ಅವರು ಮೈಬಣ್ಣದಂತೆ ಆಟಗಾರನಲ್ಲಿಯೇ ನೆಲೆಸಿರುವ ಗುಣಗಳೆಂದು ಎಣಿಸುತ್ತಾರೆ. ಆದುದರಿಂದಲೇ ‘ಅವನು ವೇಗವಿಲ್ಲದವನು’ ಎಂಬ ವಾಕ್ಯಕ್ಕೆ ‘ಎಲ್ಲಿ, ಯಾವಾಗ, ಯಾರ ಎದುರು’ ಎಂಬ ಬಾಲವನ್ನು ಸೇರಿಸುವುದಿಲ್ಲ. ನ್ಯಾಯಾಲಯದಲ್ಲಿ ಸ್ಥಳ ವೇಳೆಗಳಿಲ್ಲದ ದೂರನ್ನು ಯಾವ ನ್ಯಾಯಾಧೀಶನೂ ಅಂಗೀಕರಿಸನು; ಕಟ್ಟೆಯಲ್ಲಿ ಮಾತ್ರ ಅಂಥದೇ ದೂರಿಗೆ ಹೆಚ್ಚು ಮರ್ಯಾದೆ.

ಎರಡನೆಯ ಕೊರತೆಯೊಂದುಂಟು, ಅದು ಇದಕ್ಕಿಂತ ಸೂಕ್ಷ್ಮವಾದುದು. ಪಂದ್ಯವು ಮುಗಿದ ಮೇಲೆ ಫಲಿತಾಂಶವನ್ನು ಮುಂದಿಟ್ಟುಕೊಂಡು ಬಲಾಬಲಗಳ ಪಟ್ಟಿಯನ್ನು ಬರೆಯುವವರೇ ಹೆಚ್ಚು. ಹಾಗೆ ಬರೆದ ಪಟ್ಟಿಯು ಎಂದಿಗೂ ಸುಳ್ಳಾಗುವುದಿಲ್ಲ. ವಾಂಖೆಡೆಯ ಆ ಅಂತಿಮ ಪಂದ್ಯವನ್ನೇ ತೆಗೆದುಕೊಳ್ಳಿ. 762 ರನ್ನು, ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188 ಎಂಬ ಅಂಕಿಗಳನ್ನು ಇಂದು ಓದುವವನಿಗೆ ಅದೊಂದು ದಿಗ್ವಿಜಯವೆನಿಸುತ್ತದೆ. ಆದರೆ ಕರ್ನಾಟಕವು 84 ರನ್ನಿಗೆ 5 ವಿಕೆಟ್ಟುಗಳನ್ನು ಕಳೆದುಕೊಂಡು ನಿಂತ ಗಳಿಗೆಯೊಂದು ಆ ಪಂದ್ಯದಲ್ಲಿ ಇದ್ದಿತು. ಆ ಗಳಿಗೆಯಲ್ಲಿ ಯಾವನಾದರೊಬ್ಬ ಅಭಿಮಾನಿಯನ್ನು ಕೇಳಿದ್ದರೆ, ಮೇಲಿನ ಕ್ರಮಾಂಕವು ಟೊಳ್ಳೆಂದೂ, ಇಡೀ ಋತುವಿನಲ್ಲಿ ಬೌಲರುಗಳೇ ತಂಡವನ್ನು ಹೊತ್ತು ತಂದರೆಂದೂ ಪ್ರಮಾಣ ಮಾಡಿ ಹೇಳುತ್ತಿದ್ದನು. ಅನಂತರ ನಾಯರ್ ರಾಹುಲರಿಬ್ಬರೂ 386 ರನ್ನುಗಳ ಜೊತೆಯಾಟವನ್ನು ಕಟ್ಟಿದರು; ನಾಯರರ ತ್ರಿಶತಕವು 1946–47ರ ಅಂತಿಮ ಪಂದ್ಯದಲ್ಲಿ ಗುಲ್ ಮಹಮ್ಮದ್ ಹೊಡೆದಿದ್ದ 319ನ್ನು ದಾಟಿ ದಾಖಲೆಯಾಯಿತು; ಅದೇ ಅಭಿಮಾನಿಯು ಅಷ್ಟರಲ್ಲಿ ‘ನಮ್ಮ ಬ್ಯಾಟಿಂಗಿನ ಆಳ ನೋಡ್ರಿ’ ಎನ್ನತೊಡಗಿರಬೇಕು. ಮೊದಲಿನ ಟೊಳ್ಳು ಕೊನೆಗೆ ಆಳವಾಯಿತು. ತಂಡವು ಅದೇ ಹನ್ನೊಂದು ಮಂದಿಯದು.

ಗೆಲುವಿನ ಈ ಉದಾಹರಣೆಗಿಂತ ಸೋಲಿನ ಎರಡು ಉದಾಹರಣೆಗಳು ಹೆಚ್ಚು ಬೋಧಪ್ರದವಾದುವು. 2010ರ ಜನವರಿಯಲ್ಲಿ ರಣಜಿಯ ಅಂತಿಮ ಪಂದ್ಯವು ಮೈಸೂರಿನಲ್ಲಿ, ವಿಶ್ವವಿದ್ಯಾಲಯದ ಗಂಗೋತ್ರಿ ಮೈದಾನದಲ್ಲಿ, ಕಿಕ್ಕಿರಿದ ಜನಸಂದಣಿಯ ನಡುವೆ ನಡೆಯಿತು. ಮುಂಬಯಿ 233 ಮತ್ತು 234. ಕರ್ನಾಟಕದ ಮೊದಲ ಸರದಿ 130. ಗೆಲುವಿಗೆ 338 ಬೇಕಾಗಿದ್ದಾಗ ಮನೀಶ್ ಪಾಂಡೆ 144 ರನ್ನು ಹೊಡೆದು, ಗಣೇಶ್ ಸತೀಶರೊಡನೆ ಅಸಾಧ್ಯವೆನಿಸಿದ್ದನ್ನು ಕೈಯಳತೆಗೆ ತಂದರು. ತಂಡವು 331ಕ್ಕೆ ಮುಗಿಯಿತು. ಸೋಲು 6 ರನ್ನಿನದು. ಸುಮಾರು ಎಂಟು ವರ್ಷ ಕಳೆದು 2017ರ ಡಿಸೆಂಬರಿನಲ್ಲಿ, ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ವಿದರ್ಭದ ವಿರುದ್ಧ ಸೆಮಿಫೈನಲ್. ಅದರ ಹಿಂದಿನ ಪಂದ್ಯದಲ್ಲಿಯೇ ವಿನಯ್ ನಾಗಪುರದಲ್ಲಿ ಮುಂಬಯಿಯ ಮೇಲೆ ಹ್ಯಾಟ್ರಿಕ್ ಪಡೆದು ತಂಡವನ್ನು ಇನ್ನಿಂಗ್ಸ್ ಗೆಲುವಿನತ್ತ ಒಯ್ದಿದ್ದರು. ಈಡನ್ನಿನಲ್ಲಿ ಗುರಿ 198. ಕೊನೆಯ ದಿನದ ಬೆಳಗ್ಗೆ ಕೈಯಲ್ಲಿ ಮೂರು ವಿಕೆಟ್ಟು, ಬೇಕಾದದ್ದು 87. ವಿನಯ್, ಮಿಥುನ್, ಶ್ರೇಯಸ್ ಗೋಪಾಲ್, ಬೌಲರುಗಳೆಂದು ತಂಡಕ್ಕೆ ಬಂದ ಈ ಮೂವರು ಹೋರಾಡಿ ಲೆಕ್ಕವನ್ನು 192ಕ್ಕೆ ಒಯ್ದರು. ರಜನೀಶ್ ಗುರ್ಬಾನಿ ಏಳನೆಯ ವಿಕೆಟ್ಟನ್ನು ಪಡೆದು ಬಾಗಿಲು ಮುಚ್ಚಿದನು. ಸೋಲು 5 ರನ್ನಿನದು.

ಆರು ರನ್ನು, ಐದು ರನ್ನು. ಎರಡು ಸಲವೂ ಎದುರು ಪಾಳಯದಲ್ಲಿ ವಾಸಿಂ ಜಾಫರ್ ಇದ್ದರೆಂಬುದನ್ನು, ಒಮ್ಮೆ ಮುಂಬಯಿಯ ನಾಯಕರಾಗಿ, ಮತ್ತೊಮ್ಮೆ ವಿದರ್ಭದ ಹಿರಿಯ ಬ್ಯಾಟುಗಾರರಾಗಿ, ಗ್ರಹಗತಿಯಲ್ಲಿ ನಂಬಿಕೆಯುಳ್ಳ ಅಭಿಮಾನಿಗಳ ಅವಗಾಹನೆಗೆ ತರಬಹುದು. ಮೈಸೂರಿನಲ್ಲಿ ಒಂದು ಬೌಂಡರಿ, ಮೇಲೆ ಮೂರು ರನ್ನು ಹೆಚ್ಚಾಗಿ ಬಂದಿದ್ದರೆ 2010ರ ತಂಡದ ‘ಒತ್ತಡವನ್ನು ತಾಳಲಾರದ ಬಾಲ’ವು ‘ಛಲ ಬಿಡದ ಯುವಕರ ಪಡೆ’ ಎಂಬ ಕೀರ್ತಿಯನ್ನು ಪಡೆಯುತ್ತಿತ್ತು. ಹಾಗೆಂದು ಎಲ್ಲವೂ ಅದೃಷ್ಟವೆಂದು ಕೈಚೆಲ್ಲುವುದೂ ಸಲ್ಲದು. ಮೊದಲ ಸರದಿಯಲ್ಲಿ 130ಕ್ಕೆ ಮುಗಿದುದು ಅದೃಷ್ಟದ ಮಾತಲ್ಲ, ಮುಂಬಯಿಯ ಆವಿಷ್ಕಾರ್ ಸಾಳ್ವಿಯವರ ಬೌಲಿಂಗನ್ನು ಎದುರಿಸಲಾರದೆ ಹೋದ ಮಾತು. ವಿದರ್ಭವನ್ನು 185ಕ್ಕೆ ಕಟ್ಟಿಹಾಕಿದ ಬೌಲಿಂಗು ಎರಡನೆಯ ಸರದಿಯಲ್ಲಿ 313 ಬಿಟ್ಟುಕೊಟ್ಟುದು ವಿಚಾರಣಾರ್ಹವಾದ ದೌರ್ಬಲ್ಯವೇ. ಆದರೆ ಕಟ್ಟೆಯ ಮೇಲೆ ಈ ಎರಡರ ಮಾತು ಬರುವುದು ಅಪರೂಪ. ಕೊನೆಯ ವಿಕೆಟ್ಟು ಹೇಗೆ ಬಿತ್ತು, ಯಾರು ಆ ಹೊಡೆತವನ್ನು ಹೊಡೆಯಬಾರದಾಗಿತ್ತು ಎಂಬುದರಲ್ಲಿಯೇ ರಾತ್ರಿ ಕಳೆಯುತ್ತದೆ. ಕೊನೆಗೆ ಬಿದ್ದವನ ಮೇಲೆ ಮೊದಲು ಎಡವಿದವರ ಪಾಪವೆಲ್ಲ ಹೊರಿಸಲ್ಪಡುತ್ತದೆ.

ಕಾಲೇಜಿನ ತಂಡದ ವಿಷಯವು ರಾಜ್ಯತಂಡದ್ದಕ್ಕಿಂತ ಒಂದು ರೀತಿಯಲ್ಲಿ ಜಟಿಲವಾದುದು. ಅಲ್ಲಿ ಆಟಗಾರನು ಮೂರು ವರ್ಷದ ಅತಿಥಿ. ಮೊದಲನೆಯ ವರ್ಷದಲ್ಲಿ ಅವನು ನೀರಿನ ಬಾಟಲಿಯನ್ನು ಹೊರುತ್ತಾನೆ, ಎರಡನೆಯದರಲ್ಲಿ ಆಡಲು ಕಲಿಯುತ್ತಾನೆ, ಮೂರನೆಯದರಲ್ಲಿ ತಂಡದ ಬಲವೆನಿಸಿಕೊಳ್ಳುತ್ತಾನೆ, ಅಷ್ಟರಲ್ಲಿ ಅಂಕಪಟ್ಟಿಯು ಕೈಗೆ ಬಂದು ಬೆಂಗಳೂರಿನ ಬಸ್ಸನ್ನೇರುತ್ತಾನೆ. ಕಳೆದ ವರ್ಷದ ಬಲವನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಓದಿಗೂ ಆಟಕ್ಕೂ ನಡುವಣ ಈ ಎಳೆದಾಟವು ದೊಡ್ಡವರನ್ನೂ ಬಿಟ್ಟಿಲ್ಲ: 1962ರಲ್ಲಿ ಭಾರತಕ್ಕೆ ಟೆಸ್ಟ್ ಆಡಿ ವೆಸ್ಟ್ ಇಂಡೀಸಿಗೂ ಹೋಗಿಬಂದ ಇ.ಎ.ಎಸ್. ಪ್ರಸನ್ನ ಅವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದನ್ನು ಪೂರೈಸುವ ಸಲುವಾಗಿ ಆಟದಿಂದ ಹಿಂದೆಗೆದು, ಮುಂದಿನ ಟೆಸ್ಟನ್ನು ಆಡಿದ್ದು 1967ರಲ್ಲಿ. ಭಾರತದ ತಂಡವು ಐದು ವರ್ಷ ಕಾಲ ಒಂದು ಪದವಿಪತ್ರಕ್ಕಾಗಿ ಕಾದಿತೆಂದು ಹೇಳಿದರೂ ತಪ್ಪಾಗದು. ಅಮೆರಿಕದಲ್ಲಿ ವಿದ್ಯಾರ್ಥಿಗಳ ಫುಟ್‌ಬಾಲನ್ನು ನೋಡಲು ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲಿಯೇ ಲಕ್ಷಕ್ಕೂ ಮೀರಿ ಜನ ಕೂಡುತ್ತಾರಂತೆ. ಅಲ್ಲಿಯೂ ಪ್ರತಿ ಶರತ್ಕಾಲದಲ್ಲಿ, ಹೋದ ವರ್ಷದವರಲ್ಲಿ ಯಾರು ಪದವಿ ಮುಗಿಸಿ ಹೊರಟರು, ಯಾರು ಉಳಿದರು ಎಂಬಲ್ಲಿಂದಲೇ ವಾದವು ಮೊದಲಾಗುತ್ತದೆ. ನಮ್ಮ ಹುಡುಗರ ಪಂದ್ಯಕ್ಕೆ ಬರುವವರು ಮರದ ನೆರಳಿಗೆ ಸಾಲುವಷ್ಟು ಮಂದಿ. ವಾದದ ಕಾವಿನಲ್ಲಿ ಮಾತ್ರ ಮಿಷಿಗನ್ನಿಗೆ ಭಾನುವಳ್ಳಿಯು ಸೋಲುವುದಿಲ್ಲ.

ಹಾಗಾದರೆ ಹೊಸ ಚೆಂಡು ಯಾರ ಕೈಗೆ? ಹುಡುಗರು ಇದಕ್ಕೆ ಉತ್ತರವನ್ನು ಗದ್ದೆಯ ಆಟದಿಂದ ತರುತ್ತಾರೆ, ತೊಡಕು ಅಲ್ಲಿಯೇ ಇದೆ. ಸಾಮಾನ್ಯ ಟೆನ್ನಿಸ್ ಚೆಂಡಿನ ತೂಕ 60 ಗ್ರಾಮಿನೊಳಗೆ. ಚರ್ಮದ ಚೆಂಡಿನದು 156ರಿಂದ 163 ಗ್ರಾಂ. ಹಗುರವಾದ ಚೆಂಡಿಗೆ ಹೊಲಿಗೆಯಿಲ್ಲ, ಗಾಳಿಯಲ್ಲಿ ಅದರ ವೇಗವು ಬೇಗನೆ ಕುಗ್ಗುತ್ತದೆ, ಗದ್ದೆಯ ಕರಿಮಣ್ಣಿಗೆ ಬಿದ್ದು ಮೆಲ್ಲನೆ ಏಳುತ್ತದೆ. ಆದುದರಿಂದ ಅಲ್ಲಿ ಬಲವಾಗಿ ಎಸೆಯುವವನೇ ರಾಜನು, ನಿಧಾನವಾಗಿ ಜಾಗ ನೋಡಿ ಹಾಕುವವನು ಊರಾಚೆ ಹೊಡೆಸಿಕೊಳ್ಳುವವನು. ನಾರಿನ ಮ್ಯಾಟು ಹಾಸಿದ ಅಂಕಣದ ಮೇಲೆ ಚೆಂಡು ಪುಟಿದೇಳುವುದರಿಂದ ಅಲ್ಲಿಯೂ ಬಿರುಸಿನವನಿಗೆ ಲಾಭವುಂಟು. ಟರ್ಫಿನ ಮೇಲೆ, ಅದೂ ಬೆಳಗಿನ ಮೊದಲ ಗಂಟೆಯಲ್ಲಿ, ನಾನಾದರೆ ಯೋಚಿಸದೆ ಮಂದಗತಿಯ ಹುಡುಗನಿಗೆ ಚೆಂಡನ್ನು ಕೊಡುವೆನು. ಬಿರುಸಿನವನನ್ನು ಇನ್ನೊಂದು ಕೊನೆಯಿಂದ ಹಾಕಿಸದೆ, ಚೆಂಡಿನ ಮೆರುಗು ಹೋದ ಮೇಲೆ ಕೆಳಗಿನ ಕ್ರಮಾಂಕದವರ ಮೇಲೆ ಬಿಡುವೆನು.

ನನ್ನ ಈ ವ್ಯವಸ್ಥೆಗೆ ಕಟ್ಟೆಯ ಮೇಲೆ ಪ್ರಬಲವಾದ ಆಕ್ಷೇಪಣೆಯೊಂದು ಬಂದಿತು. ಅದನ್ನೆತ್ತಿದವನು ವಾದದಲ್ಲಿ ಅದುವರೆಗೆ ಬಾಯಿಬಿಡದೆ ಕುಳಿತಿದ್ದ, ಹಿಂದೆ ಅದೇ ತಂಡಕ್ಕೆ ಕೀಪಿಂಗ್ ಮಾಡಿದ್ದ ಗೃಹಸ್ಥನು. “ಅಂಚಿಗೆ ತಾಗ್ತೈತ್ರಿ, ಒಪ್ತೀನಿ. ಸ್ಲಿಪ್ಪಿನಾಗ ಹಿಡಿಯೋರು ಯಾರ್ರಿ?” ಎಂದನು. ಅಷ್ಟು ಹೊತ್ತಿನ ಚರ್ಚೆಯಲ್ಲಿ ಹನ್ನೊಂದು ಮಂದಿಯ ಬ್ಯಾಟನ್ನೂ ಐದು ಮಂದಿಯ ಬೌಲಿಂಗನ್ನೂ ಜಾಲಾಡಿದ್ದೆವಾದರೂ, ಸ್ಲಿಪ್ಪಿನ ಮಾತು ಒಬ್ಬರ ಬಾಯಲ್ಲಿಯೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಟೆನ್ನಿಸ್ ಚೆಂಡಿನ ಆಟದಲ್ಲಿ ಅಲ್ಲಿ ಯಾರೂ ನಿಲ್ಲುವುದಿಲ್ಲ. ಅಂಚಿಗೆ ತಾಗಿದ ಚೆಂಡು ಕೀಪರನ ಮುಂದೆಯೇ ಸತ್ತು ಬೀಳುತ್ತದೆ. ಹಾಗೆ ಬೆಳೆದ ಹುಡುಗರು ಚರ್ಮದ ಚೆಂಡಿನ ಆಟಕ್ಕೆ ಬಂದಾಗ, ಮೊಣಕಾಲನ್ನು ಮಡಿಸಿ, ಕೈಗಳನ್ನು ತಗ್ಗಿಸಿ, ಐವತ್ತು ಓವರು ನಿರೀಕ್ಷೆಯಲ್ಲಿ ನಿಲ್ಲುವ ಆ ಬೇಸರದ ಉದ್ಯೋಗಕ್ಕೆ ಮುಂದೆ ಬರುವವರಿಲ್ಲ. ನಾಯಕನು ಯಾರನ್ನು ಎಲ್ಲಿಯೂ ಅಡಗಿಸಲಾರನೋ ಅವನನ್ನು ಅಲ್ಲಿಗೆ ಅಟ್ಟುತ್ತಾನೆ. ವಿನಯರ 504ರಲ್ಲಿ ಎಷ್ಟೋ ವಿಕೆಟ್ಟುಗಳು ಕೀಪರನ ಪಕ್ಕದಲ್ಲಿ ಬಾಗಿ ನಿಂತವರ ಅಂಗೈಗಳಲ್ಲಿ ಪೂರ್ಣಗೊಂಡುವು. ಆ ಅಂಗೈಗಳಿಲ್ಲದಿದ್ದರೆ ಅದೇ ಚೆಂಡುಗಳು ಥರ್ಡ್‌ಮ್ಯಾನ್ ಗಡಿಯನ್ನು ದಾಟಿ ನಾಲ್ಕು ನಾಲ್ಕಾಗಿ ಎಣಿಸಲ್ಪಡುತ್ತಿದ್ದುವು, ಹುಡುಗರು ‘ಸ್ಪೀಡ್ ಎಲ್ಲೈತಿ’ ಎಂದು ಕೇಳುತ್ತಲೇ ಇರುತ್ತಿದ್ದರು.

ಕೀಪರನಾಗಿದ್ದ ಆತನ ಸಲಹೆಯಂತೆ, ಆರಂಭದ ಬ್ಯಾಟುಗಾರರಿಬ್ಬರನ್ನೂ ಸ್ಲಿಪ್ಪಿಗೆ ಪಳಗಿಸಬೇಕು, ದಿನಕ್ಕೆ ನೂರು ಕ್ಯಾಚು ಕೊಡಿಸಬೇಕು ಎಂದು ಸಭೆಯು ಸರ್ವಾನುಮತದಿಂದ ಗೊತ್ತುಮಾಡಿತು. ಆ ಇಬ್ಬರಲ್ಲಿ ಒಬ್ಬನಿಗೆ ಹಿಂದಿನ ಸೆಮಿಸ್ಟರಿನ ಎರಡು ವಿಷಯಗಳು ಉಳಿದಿವೆಯೆಂದೂ, ಪರೀಕ್ಷೆಯ ವೇಳಾಪಟ್ಟಿ ಇನ್ನೂ ಬಂದಿಲ್ಲವೆಂದೂ ಆಮೇಲೆ ತಿಳಿಯಿತು.